ಕೈಬರಹವೇ ಹಣೆಬರಹವಾದಾಗ

ಕೆಲಸದ ಮೇಲೆ ಸುಝೌ ನಗರದಲ್ಲಿದ್ದ ಮೂರು ವರ್ಷ ನಾನು ಚೀನೀ ಅಕ್ಷರ ಕಲಿತದ್ದು ಅಲ್ಲಿನ ಒಂದನೆಯ ತರಗತಿಯ ಮಕ್ಕಳು ಬಳಸುವ ಕಾಪಿ ಪುಸ್ತಕದಲ್ಲಿ. ಪುಟದ ತುಂಬ ಚೌಕಗಳು. ಪ್ರತಿ ಚೌಕದ ನಡುವೆ ಅಡ್ಡಕ್ಕೊಂದು, ಉದ್ದಕ್ಕೊಂದು ಚುಕ್ಕೆಗೆರೆ. ಹೊಲ ಎಂಬ ಅರ್ಥದ ಚೀನೀ ಅಕ್ಷರವೂ ಹೀಗೆಯೇ ಬದು ಹಾಕಿದ ತುಂಡುಭೂಮಿಯಂತೆ ಕಾಣುತ್ತದೆ; ಅದಕ್ಕೇ ಈ ಚೌಕಕ್ಕೆ ‘ತ್ಯೆನ್ ತ್ಸು ಗ’, ಅಂದರೆ ಹೊಲದಕ್ಷರದ ಚೌಕ ಎಂದು ಹೆಸರು. ನನಗೆ ಕಲಿಸುತ್ತಿದ್ದವರು ನಾವಿದ್ದ ಕಟ್ಟಡದಲ್ಲೇ ಮೂರನೆಯ ಮಹಡಿಯಲ್ಲಿದ್ದ ನಿವೃತ್ತ ಶಿಕ್ಷಕಿ. ನಾನು ಅವರನ್ನು ‘ಲಾವ್‌ಶಿ’ ಎಂದೇ ಕರೆಯುತ್ತಿದ್ದೆ. ಗುರುಗಳೇ ಎಂದ ಹಾಗೆ. ಒಂದು ಗೀಟು ಚೌಕದ ಆಚೆ ಹೋದರೂ ಸಾಕು, ಅವರು ಕೆಂಪು ಪೆನ್ಸಿಲಿನಲ್ಲಿ ಅದರ ಮೇಲೆ ಸುತ್ತು ಹಾಕುತ್ತಿದ್ದರು.

ಆ ಕೆಂಪು ಸುತ್ತು ಕಂಡಾಗಲೆಲ್ಲ ಅಪ್ಪನ ನೆನಪಾಗುತ್ತಿತ್ತು. ಅಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರು. ಮನೆಯಲ್ಲಿ ನಮಗೆ ದಿನಕ್ಕೊಂದು ಪುಟ ಎರಡು ಗೆರೆಯ ಕಾಪಿ. ಕನ್ನಡದ ಅಕ್ಷರ ಮುತ್ತು ಪೋಣಿಸಿದಂತಿರಬೇಕು, ಗೆರೆಯನ್ನು ಮುಟ್ಟಬೇಕು, ದಾಟಬಾರದು. ನನ್ನ ಅಕ್ಷರ ದುಂಡಗೆ ಬಂತು. ನನ್ನ ತಮ್ಮನದು ಕಾಗೆ ಕಾಲು ಗುಬ್ಬಿ ಕಾಲು. ಬಾಯಲ್ಲಿ ಲೆಕ್ಕ ಕೇಳಿದರೆ ನಾನು ಪೆನ್ಸಿಲ್ ತೆಗೆಯುವ ಮೊದಲೇ ಉತ್ತರ ಹೇಳಿಬಿಡುತ್ತಿದ್ದ ಅವನು ಪರೀಕ್ಷೆಯಲ್ಲಿ ಯಾವಾಗಲೂ ನನಗಿಂತ ಹಿಂದೆ. ತಿದ್ದುವವರಿಗೆ ಓದಲು ಆಗುತ್ತಿರಲಿಲ್ಲ. ಅವರ ತಪ್ಪೆಂದು ನಾನು ಹೇಳುತ್ತಿಲ್ಲ. ನಲವತ್ತು ಉತ್ತರ ಪತ್ರಿಕೆಗಳ ಕಟ್ಟು ಮುಂದಿರುವಾಗ, ಓದಲಾಗದ ಒಂದು ಹಾಳೆಯ ಮೇಲೆ ಹತ್ತು ನಿಮಿಷ ಕೂರುವ ವ್ಯವಧಾನ ಯಾರಿಗೂ ಇರುವುದಿಲ್ಲ. ಆದರೆ ಅವನಿಗೆ ಹೋದ ಅಂಕ ಹೋಯಿತು, ನನಗೆ ಬಂದ ಅಂಕ ಬಂತು. ನನಗೆ ಬಂದದ್ದರಲ್ಲಿ ಬುದ್ಧಿಯ ಪಾಲೆಷ್ಟು, ದುಂಡಕ್ಷರದ ಪಾಲೆಷ್ಟು ಎಂದು ಬಹಳ ವರ್ಷ ನಾನು ಯೋಚಿಸಲೂ ಇಲ್ಲ.

ಒಂದು ಸಂಜೆ ಲಾವ್‌ಶಿ ಹೊಸ ಪುಟದಲ್ಲಿ ಏಳು ಚೌಕಗಳಿಗೆ ಏಳು ಅಕ್ಷರ ಬರೆದರು. ಬು ಜ್ಯು ಈ ಗ ಜ್ಯಾಂಗ್ ರೆನ್ ತ್ಸಾಯ್. ಒಂದೇ ಅಚ್ಚಿಗೆ ಕಟ್ಟುಬೀಳದೆ ಪ್ರತಿಭಾವಂತರನ್ನು ಇಳಿಸಿಕೊಡು ಎಂದು ಅರ್ಥ. ಮೊದಲ ನಾಲ್ಕು ಅಕ್ಷರಗಳು ಸ್ವತಂತ್ರ ನುಡಿಗಟ್ಟಾಗಿಯೇ ಚೀನೀ ನಾಲಿಗೆಯ ಮೇಲೆ ಓಡಾಡುತ್ತವೆ. ಏಳೂ ಸೇರಿದರೆ ಜಾತಕ, ಪದವಿ, ವಯಸ್ಸು ನೋಡದೆ ಯೋಗ್ಯತೆ ನೋಡಿ ಜನರನ್ನು ಮೇಲೆತ್ತಬೇಕೆಂಬ ಮಾತಾಗುತ್ತದೆ. ಶಾಲೆಯ ಮಕ್ಕಳಿಗೆ ಬಾಯಿಪಾಠ. ನಾಯಕರ ಭಾಷಣದಲ್ಲೂ ನೇಮಕಾತಿಯ ಬರಹಗಳಲ್ಲೂ ಬರುತ್ತಲೇ ಇರುತ್ತದೆ. ನಾನು ನಾಲ್ಕನೆಯ ಅಕ್ಷರದ ಮೇಲೆ ಬೆರಳಿಟ್ಟೆ. ‘ಗ’. ಅಚ್ಚು, ಅಳತೆ, ಮಾದರಿ ಎಂಬ ಅರ್ಥದ ಈ ಅಕ್ಷರ, ನಾನು ಅದನ್ನು ಬರೆಯಬೇಕಾಗಿದ್ದ ಚೌಕದ ಹೆಸರಿನಲ್ಲಿದ್ದ ‘ಗ’ವೇ. ಒಂದೇ ಚೌಕಕ್ಕೆ ಕಟ್ಟುಬೀಳಬೇಡ ಎಂಬ ಮಾತನ್ನು ಚೌಕ ಮೀರದಂತೆ ಬರೆಯುತ್ತಾ ನಾನು ಕಲಿತೆ.

ಯೋಗ್ಯರನ್ನು ಆರಿಸುವ ವಿಷಯದಲ್ಲಿ ಚೀನೀ ಭಾಷೆಗೆ ಮಾತಿನ ಬಡತನವಿಲ್ಲ. ಕ್ರಿ.ಪೂ. 570ರಲ್ಲಿ ಜಿನ್ ರಾಜ್ಯದ ಚಿ ಶಿ ಎಂಬ ಹಿರಿಯ ಅಧಿಕಾರಿ ನಿವೃತ್ತನಾಗುವಾಗ ತನ್ನ ಸ್ಥಾನಕ್ಕೆ ಮೊದಲು ಸೂಚಿಸಿದ್ದು ತನ್ನ ಹಗೆಯನ್ನು. ಆ ಮನುಷ್ಯ ತೀರಿಕೊಂಡಾಗ ಸೂಚಿಸಿದ್ದು ಸ್ವಂತ ಮಗನನ್ನು. ಹಗೆಯೆಂದು ಬಿಡಲಿಲ್ಲ, ಮಗನೆಂದು ಹಿಂಜರಿಯಲೂ ಇಲ್ಲ. ಕ್ರಿ.ಶ. 210ರಲ್ಲಿ, ಹಾನ್ ಅರಸನ ಹೆಸರಿನಲ್ಲಿ ಆಡಳಿತ ನಡೆಸುತ್ತಿದ್ದ ಸೇನಾನಾಯಕ ತ್ಸಾವ್ ತ್ಸಾವ್ ಹೊರಡಿಸಿದ ಆಜ್ಞೆ ಇನ್ನೂ ನೇರ: ಯೋಗ್ಯತೆಯೊಂದನ್ನೇ ನೋಡಿ ಹೆಸರು ಸೂಚಿಸಿ. ಇವೆಲ್ಲ ದೊಡ್ಡ ಮಾತುಗಳೇ. ಆದರೆ ಎಲ್ಲವೂ ಆರಿಸುವ ಪೀಠದ ಮೇಲೆ ಕುಳಿತವರ ಮಾತುಗಳು. ಲಾವ್‌ಶಿ ಬರೆದುಕೊಟ್ಟ ಸಾಲು ಆ ಪೀಠದ ಕೆಳಗೆ ನಿಂತು ಆಯ್ಕೆಯಾಗದೆ ಹೋದವನದು. ನನ್ನನ್ನು ಅದು ಹಿಡಿದದ್ದು ಅದಕ್ಕೇ.

ಅವನ ಹೆಸರು ಗೊಂಗ್ ಝಿಜೆನ್. ಹುಟ್ಟಿದ್ದು 1792ರಲ್ಲಿ, ಹಾಂಗ್‌ಝೌ ನಗರದಲ್ಲಿ. ತಾಯಿಯ ತಂದೆ ದ್ವಾನ್ ಯೂತ್ಸಾಯ್, ಚೀನೀ ಅಕ್ಷರಗಳ ಮೂಲವನ್ನು ಶೋಧಿಸಿದ ಮಹಾ ವಿದ್ವಾಂಸ. ಮೊಮ್ಮಗನಿಗೆ ಅಕ್ಷರಶಾಸ್ತ್ರವನ್ನು ಕಲಿಸಿದ್ದೂ ಆ ಅಜ್ಜನೇ. ಚೀನಾದ ಪಶ್ಚಿಮದ ಗಡಿನಾಡು ಶಿನ್‌ಜ್ಯಾಂಗ್ ಅನ್ನು ಒಂದು ಪ್ರಾಂತ್ಯವಾಗಿ ರೂಪಿಸಬೇಕೆಂದು ಗೊಂಗ್ 1820ರಲ್ಲೇ ವಿವರವಾಗಿ ಬರೆದ. ಸರಕಾರ ಅದನ್ನು ಮಾಡಿದ್ದು 1884ರಲ್ಲಿ, ಅವನು ತೀರಿಹೋಗಿ ನಲವತ್ತು ವರ್ಷಗಳಾದ ಮೇಲೆ. ಇಂಥ ಮನುಷ್ಯ ಸರಕಾರದ ಅಧಿಕಾರಿಗಳನ್ನು ಆರಿಸುವ ರಾಜಧಾನಿಯ ಪರೀಕ್ಷೆಯಲ್ಲಿ ಐದು ಸಲ ಸೋತು, ಆರನೆಯ ಸಲ, 1829ರಲ್ಲಿ ಗೆದ್ದ. ಆಗ ಚೀನೀ ಲೆಕ್ಕದಲ್ಲಿ ಅವನ ವಯಸ್ಸು 38. ಕೊನೆಯ ಹಂತದ ಅರಮನೆಯ ಪರೀಕ್ಷೆಯಲ್ಲಿ ಗಡಿನಾಡಿನ ಆಡಳಿತದ ಬಗ್ಗೆಯೇ ಬರೆದ. ಅವನಷ್ಟು ಆ ವಿಷಯ ಓದಿದವರು ಆ ಸಭೆಯಲ್ಲಿ ಎಷ್ಟು ಮಂದಿ ಇದ್ದಾರು? ಆದರೂ ಮೇಲಿನ ದರ್ಜೆ ಸಿಗಲಿಲ್ಲ, ರಾಜ್ಯದ ಅತ್ಯುನ್ನತ ವಿದ್ವತ್ಪೀಠವಾದ ಹಾನ್‌ಲಿನ್ ಅಕಾಡೆಮಿಗೆ ಪ್ರವೇಶ ಸಿಗಲಿಲ್ಲ. ಅಕ್ಷರ ಚೆನ್ನಾಗಿಲ್ಲ ಎಂಬುದು ಕಾರಣ.

ಇಲ್ಲಿ ಒಂದು ವಿವರವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನೋವಿರುವುದು ಅದರಲ್ಲೇ. ಕೈಬರಹ ನ್ಯಾಯವನ್ನು ಕೆಡಿಸುತ್ತದೆ ಎಂಬುದು ಚೀನೀ ಪರೀಕ್ಷಾ ವ್ಯವಸ್ಥೆಗೆ ಗೊತ್ತಿರಲಿಲ್ಲವೆಂದಲ್ಲ. ಚೆನ್ನಾಗಿಯೇ ಗೊತ್ತಿತ್ತು. ಸೊಂಗ್ ಅರಸರ ಕಾಲದಿಂದಲೇ ಉತ್ತರ ಪತ್ರಿಕೆಯ ಮೇಲಿನ ಹೆಸರಿಗೆ ಕಾಗದ ಅಂಟಿಸಿ ಮುಚ್ಚುತ್ತಿದ್ದರು. ಅಷ್ಟು ಸಾಲದೆಂದು, ಅಕ್ಷರದ ಗುರುತು ಸಿಗಬಾರದೆಂದು, ಗುಮಾಸ್ತರನ್ನು ಕೂರಿಸಿ ಪ್ರತಿಯೊಂದು ಉತ್ತರವನ್ನೂ ಮೊದಲಿನಿಂದ ಕೊನೆಯವರೆಗೆ ಇನ್ನೊಂದು ಹಾಳೆಗೆ ನಕಲು ಮಾಡಿಸುತ್ತಿದ್ದರು. ತಿದ್ದುವವನ ಕೈಗೆ ಹೋಗುತ್ತಿದ್ದದ್ದು ಗುಮಾಸ್ತನ ಕೆಂಪು ಶಾಯಿಯ ಪ್ರತಿ. ನ್ಯಾಯಕ್ಕಾಗಿ ಒಂದು ರಾಜ್ಯ ಇಷ್ಟು ಶ್ರಮಪಟ್ಟದ್ದನ್ನು ಓದಿದಾಗ ನನಗೆ ನಿಜವಾಗಿ ಗೌರವ ಹುಟ್ಟಿತು. ಆದರೆ ಗೊಂಗ್‌ನ ಕಾಲದ ಅರಮನೆಯ ಪರೀಕ್ಷೆಗೆ ಮಾತ್ರ ಈ ನಕಲಿನ ಏರ್ಪಾಡು ಇರಲಿಲ್ಲ. ಹೆಸರು ಮುಚ್ಚಿದ್ದರೂ ಪರೀಕ್ಷಕರ ಮುಂದೆ ಮೂಲ ಹಸ್ತಾಕ್ಷರವೇ ಇರುತ್ತಿತ್ತು. ಬರಬರುತ್ತಾ ಅವರು ವಿಷಯ ಬಿಟ್ಟು ಅಕ್ಷರವನ್ನೇ ಅಳೆಯತೊಡಗಿದರು. ಕಪ್ಪಗಿರಬೇಕು, ಚೌಕಾಗಿರಬೇಕು, ಹೊಳೆಯಬೇಕು. ಒಬ್ಬನ ಅಕ್ಷರಕ್ಕೂ ಇನ್ನೊಬ್ಬನ ಅಕ್ಷರಕ್ಕೂ ವ್ಯತ್ಯಾಸ ಕಾಣಬಾರದು. ಎಲ್ಲ ಜರಡಿಗಳನ್ನೂ ದಾಟಿ ಬಂದವನನ್ನು ಕಟ್ಟಕಡೆಯಲ್ಲಿ ತಡೆದದ್ದು ಅವನ ಮಣಿಕಟ್ಟು. ಕೈಬರಹವೇ ಅವನ ಹಣೆಬರಹವಾಯಿತು.

ಅವನು ಇದನ್ನು ಮೌನವಾಗಿ ನುಂಗಲಿಲ್ಲ. ‘ಅರಮನೆಯಲ್ಲಿ ಮೂರು ಪರೀಕ್ಷೆ, ಮೂರರಲ್ಲೂ ಅನುತ್ತೀರ್ಣ’ ಎಂದು ತನ್ನ ಬಗ್ಗೆ ತಾನೇ ಬರೆದುಕೊಂಡ. ತನ್ನ ಮನೆಯ ಹೆಂಗಸರಿಗೆಲ್ಲ ಆ ಅರಮನೆಯ ಅಕ್ಷರವನ್ನು ಅಭ್ಯಾಸ ಮಾಡಿಸಿ, ಯಾರಾದರೂ ಹಾನ್‌ಲಿನ್ ಪಂಡಿತರ ಹೆಸರೆತ್ತಿದರೆ ‘ನಮ್ಮ ಮನೆಯ ಹೆಂಗಸರೂ ಅಲ್ಲಿಗೆ ಸೇರಬಲ್ಲರು’ ಎನ್ನುತ್ತಿದ್ದನೆಂಬ ಕಥೆಯೂ ಪ್ರಚಾರದಲ್ಲಿದೆ. ಓದುವವರು ಇದನ್ನು ವಿನೋದವೆಂದು ನೆನೆಯುತ್ತಾರೆ. ನನಗೆ ಆ ಮನೆಯ ಹೆಂಗಸರು ಕಾಣಿಸುತ್ತಾರೆ. ಅಕ್ಷರ ಎಷ್ಟೇ ಕಪ್ಪಗೆ, ಚೌಕಾಗಿ ಬಂದರೂ ಅವರಿಗೆ ಪರೀಕ್ಷೆಯ ಬಾಗಿಲೇ ಇರಲಿಲ್ಲ. ಅವನ ಸಿಟ್ಟಿಗೂ ಆ ಅಚ್ಚು ಕಾಣಲಿಲ್ಲ.

ಬೀಜಿಂಗ್‌ನಲ್ಲಿ ಸಣ್ಣ ಹುದ್ದೆಗಳಲ್ಲೇ ವರ್ಷಗಳು ಕಳೆದವು. 1839ರ ಜೂನ್‌ನಲ್ಲಿ ರಾಜೀನಾಮೆ ಕೊಟ್ಟು ಊರಿಗೆ ಹೊರಟ. ಎರಡು ಗಾಡಿ ಬಾಡಿಗೆಗೆ ಹಿಡಿದ. ಒಂದರಲ್ಲಿ ತಾನು, ಇನ್ನೊಂದರಲ್ಲಿ ತಾನು ಬರೆದ ನೂರು ಸಂಪುಟಗಳು. ಅದೇ ಜೂನ್‌ನಲ್ಲಿ ಅತ್ತ ದಕ್ಷಿಣದಲ್ಲಿ ಅವನ ಗೆಳೆಯ, ಹಿರಿಯ ಅಧಿಕಾರಿ ಲಿನ್ ಝೆಶೂ ಬ್ರಿಟಿಷ್ ವ್ಯಾಪಾರಿಗಳಿಂದ ವಶಪಡಿಸಿಕೊಂಡ ಅಫೀಮನ್ನು ಹೂಮೆನ್‌ನಲ್ಲಿ ನಾಶಮಾಡಿಸುತ್ತಿದ್ದ. ನಮ್ಮ ದೇಶದ ಹೊಲಗಳಲ್ಲಿ ಬೆಳೆದ ಅಫೀಮು ಅದು. ಮರುವರ್ಷವೇ ಯುದ್ಧ.

ದಾರಿಯುದ್ದಕ್ಕೂ ಗೊಂಗ್ ನಾಲ್ಕು ಸಾಲಿನ ಪದ್ಯಗಳನ್ನು ಬರೆದ. ಹೇಗೆ ಬರೆದನೆಂಬುದನ್ನು ಸ್ನೇಹಿತನಿಗೆ ಬರೆದ ಪತ್ರದಲ್ಲಿ ಹೇಳಿದ್ದಾನೆ. ದಾರಿಯ ಛತ್ರಗಳಲ್ಲಿ ಲೆಕ್ಕ ಬರೆಯಲು ಇಟ್ಟಿರುತ್ತಿದ್ದ ಕೋಳಿಗರಿಯ ಕುಂಚವನ್ನು ತೆಗೆದುಕೊಂಡು, ಲೆಕ್ಕದ ಪುಸ್ತಕದ ಹಾಳೆಯ ಮೇಲೆ ಪದ್ಯ ಗೀಚಿ, ಉಂಡೆ ಕಟ್ಟಿ, ಒಂದು ಹರಕು ಬುಟ್ಟಿಗೆ ಎಸೆಯುವುದು. ಹೋಗುತ್ತ ಬರುತ್ತ ಒಂಬತ್ತು ಸಾವಿರ ಲೀ ದಾರಿ, ಅಂದರೆ ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು. ವರ್ಷದ ಕೊನೆಗೆ ಬುಟ್ಟಿ ಸುರಿದು ಎಣಿಸಿದರೆ 315 ಉಂಡೆಗಳು, 315 ಪದ್ಯಗಳು. ಅಕ್ಷರ ಚೆಂದವಿಲ್ಲವೆಂದು ಹೊರಗಿಟ್ಟ ಕೈ, ಸಿಕ್ಕ ಕುಂಚದಲ್ಲಿ, ಸಿಕ್ಕ ಹಾಳೆಯಲ್ಲಿ, ಯಾರೂ ಅಂಕ ಕೊಡದ ಜಾಗದಲ್ಲಿ ಬರೆದದ್ದು ಇಂದು ಚೀನೀ ಮಕ್ಕಳ ಪಠ್ಯ. ಒಂದು ಪದ್ಯದಲ್ಲಿ ಅವನು ಹ್ವಾಯ್ ನದಿಯ ಕಡೆಯ ಕಾಲುವೆಯ ದಂಡೆಯಲ್ಲಿದ್ದಾನೆ. ರಾಜಧಾನಿಗೆ ಧಾನ್ಯ ಒಯ್ಯುವ ದೋಣಿಗಳನ್ನು ಕೂಲಿಗಳು ಹಗ್ಗ ಹಿಡಿದು ಎಳೆಯುತ್ತಿದ್ದಾರೆ. ಒಂದು ಹಗ್ಗಕ್ಕೆ ಹತ್ತಕ್ಕೂ ಹೆಚ್ಚು ಜನ. ಸಾವಿರ ದೋಣಿಗೆ ಎಷ್ಟಾಯಿತು ಎಂದು ಲೆಕ್ಕ ಹಾಕುತ್ತಾನೆ. ಆ ಉಗ್ರಾಣದ ಅನ್ನವನ್ನು ನಾನೂ ಉಂಡಿದ್ದೇನಲ್ಲ ಎಂದು ನೆನೆದು, ರಾತ್ರಿ ಅವರ ಹೈಸಾ ಕೂಗು ಕೇಳುತ್ತಾ ಅಳುತ್ತಾನೆ. ತನಗೆ ಆದ ಅನ್ಯಾಯದಲ್ಲೇ ಮುಳುಗಿಹೋದವನ ಕಿವಿಗೆ ಇನ್ನೊಬ್ಬರ ಹೈಸಾ ಕೇಳಿಸುವುದಿಲ್ಲ.

ಏಳಕ್ಷರದ ನಮ್ಮ ಸಾಲು ಹುಟ್ಟಿದ್ದು ಅದೇ ಪಯಣದಲ್ಲಿ, ಝೆನ್‌ಜ್ಯಾಂಗ್ ಊರಿನಲ್ಲಿ. ಮಹಾಕಾಲುವೆ ಯಾಂಗ್‌ತ್ಸೆ ನದಿಯನ್ನು ಸಂಧಿಸುವ ಊರು ಅದು. ಒಂದು ಭಾನುವಾರ ಸುಝೌದಿಂದ ರೈಲು ಹತ್ತಿ ಹೋಗಿದ್ದೆ. ಝೆನ್‌ಜ್ಯಾಂಗ್ ಎಂದರೆ ಇಂದು ಚೀನೀಯರಿಗೆ ಮೊದಲು ನೆನಪಾಗುವುದು ಅಲ್ಲಿನ ಕಪ್ಪು ವಿನೆಗರ್. ಹಳೆಯ ದೋಣಿಗಟ್ಟೆಯ ಕಲ್ಲುಹಾಸಿನ ಓಣಿಯಲ್ಲಿ, ಚಕ್ರಗಳು ಸವೆಸಿದ ಗುಳಿಯ ಮೇಲೆ ನಿಂತು, ಲಾವ್‌ಶಿ ಬರೆದುಕೊಟ್ಟಿದ್ದ ಹಾಳೆಯನ್ನು ತೆಗೆದು ಓದಿದೆ. 1839ರಲ್ಲಿ ಗೊಂಗ್ ಅಲ್ಲಿಗೆ ಬಂದಾಗ ಆಕಾಶದ ಒಡೆಯನಿಗೂ ಗಾಳಿ ಗುಡುಗುಗಳ ದೇವತೆಗಳಿಗೂ ಜಾತ್ರೆ ನಡೆಯುತ್ತಿತ್ತು; ಹರಕೆ ಹೊತ್ತ ಸಾವಿರಾರು ಜನ ನೆರೆದಿದ್ದರು. ದಾವ್ ಪಂಥದ ಪೂಜಾರಿಯೊಬ್ಬ ದೇವರಿಗೆ ಅರ್ಪಿಸಲು ಪ್ರಾರ್ಥನೆಯೊಂದನ್ನು ಬರೆದುಕೊಡಿ ಎಂದು ಕೇಳಿಕೊಂಡ. ಬರೆದುಕೊಟ್ಟದ್ದು ಇದು. ಕನ್ನಡದಲ್ಲಿ ನನಗೆ ದಕ್ಕಿದ್ದು ಇಷ್ಟು:

ಗಾಳಿ ಗುಡುಗು ಬಂದರೇ ಒಂಬತ್ತು ನಾಡಿಗೆ ಜೀವಕಳೆ;
ಹತ್ತು ಸಾವಿರ ಕುದುರೆ ಒಟ್ಟಿಗೇ ಮೂಕವಾದದ್ದು ಎಂಥ ದುಃಖ.
ಮೇಲಿನವನೇ, ಮೈಕೊಡವಿ ಮತ್ತೆ ಏಳು ಎಂದು ಹೇಳುತ್ತಿದ್ದೇನೆ,
ಒಂದೇ ಅಚ್ಚಿಗೆ ಕಟ್ಟುಬೀಳದೆ ಯೋಗ್ಯರನ್ನು ಇಳಿಸಿಕೊಡು.

ಮೂರನೆಯ ಸಾಲಿನಲ್ಲಿ ಅವನು ಬಳಸುವ ಕ್ರಿಯಾಪದ ‘ಬೇಡುತ್ತೇನೆ’ ಎಂದಲ್ಲ. ಮನೆಯ ಹಿರಿಯರು ಹಟ ಹಿಡಿದು ಕೂತಾಗ ಪಕ್ಕದಲ್ಲಿ ಕುಳಿತು ‘ನೋಡಿ, ಹೀಗೆ ಮಾಡುವುದು ಒಳ್ಳೆಯದು’ ಎಂದು ತಿಳಿಹೇಳುತ್ತೇವಲ್ಲ, ಆ ಮಾತು. ಜಾತ್ರೆಯಲ್ಲಿ ಎಲ್ಲರೂ ದೇವರಿಗೆ ಕೈಮುಗಿದಿದ್ದಾಗ ಇವನು ದೇವರಿಗೆ ಬುದ್ಧಿ ಹೇಳುತ್ತಿದ್ದಾನೆ. ದೇವರೊಂದಿಗೆ ಜಗಳವಾಡಿದ ಭಕ್ತರನ್ನು ಕೇಳಿ ಬೆಳೆದ ಕನ್ನಡದ ಕಿವಿಗೆ ಇದು ದೂರದ್ದೆನಿಸುವುದಿಲ್ಲ. ಅರಸನಿಗೆ ಹೇಳಬೇಕಾದದ್ದನ್ನು ಹಾಗೆ ನೇರವಾಗಿ ಹೇಳಲು ಸಾಧ್ಯವಿಲ್ಲದ ಕಾಲ. ಕುದುರೆಗಳು ಮೂಕವಾಗಿದ್ದದ್ದು ಸುಮ್ಮನೆ ಅಲ್ಲ.

ಆದರೆ ಈ ಸಾಲನ್ನು ಭಾಷಣಗಳಲ್ಲಿ ಉದ್ಧರಿಸುವವರು ಸಾಮಾನ್ಯವಾಗಿ ಕೊನೆಯ ಭಾಗಕ್ಕೆ ಒತ್ತು ಕೊಡುತ್ತಾರೆ: ಪ್ರತಿಭೆಗಳು ಬರಲಿ, ನಮಗೆ ಪ್ರತಿಭೆಗಳು ಬೇಕು. ಪ್ರತಿಭೆಗೆ ಬರ ಬಂದಿದೆ, ಮೇಲಿನಿಂದ ಮಳೆಯಾಗಬೇಕು ಎಂಬಂತೆ. ಗೊಂಗ್ ಹಾಗೆ ನಂಬಿದ್ದನೆಂದು ನನಗನ್ನಿಸುವುದಿಲ್ಲ. ಅದೇ 1839ರಲ್ಲಿ ಅವನು ಬರೆದ ಒಂದು ಪುಟ್ಟ ಗದ್ಯವಿದೆ, ರೋಗಿ ಪ್ಲಮ್ ಗಿಡಗಳ ಮನೆಯ ಬಗ್ಗೆ. ಚಳಿಯ ಕೊನೆಯಲ್ಲಿ ಎಲೆಗಿಂತ ಮೊದಲು ಹೂ ಬಿಡುವ ಈ ಗಿಡಕ್ಕೆ ಹೆಸರಾದ ಜಾಗಗಳಲ್ಲಿ ಸುಝೌದ ದಂಗ್‌ವೆಯ್ ಗುಡ್ಡವೂ ಒಂದು ಎಂದು ಅದರ ಮೊದಲಲ್ಲೇ ಬರುತ್ತದೆ. ಆ ಗುಡ್ಡಕ್ಕೆ ನಾನು ಎರಡು ವರ್ಷ ಹೂವಿನ ಕಾಲದಲ್ಲಿ ಹೋಗಿದ್ದೇನೆ. ಇಡೀ ಇಳಿಜಾರು ಬೆಳ್ಳಗೆ, ಹಿಮ ಬಿದ್ದಂತೆ, ಸಣ್ಣ ಘಮದೊಂದಿಗೆ.

ಗೊಂಗ್ ಹೇಳುವುದು ಕುಂಡದಲ್ಲಿಟ್ಟು ಮಾರುವ ಗಿಡಗಳ ಕಥೆ. ರಸಿಕರೆನಿಸಿಕೊಂಡವರಿಗೆ ಸೊಟ್ಟಗಿದ್ದರೆ ಚೆಂದ, ನೆಟ್ಟಗಿದ್ದರೆ ಲಕ್ಷಣವಿಲ್ಲ. ವಾಲಿದ್ದರೆ ಚೆಂದ, ವಿರಳವಾಗಿದ್ದರೆ ಚೆಂದ. ಅವರ ಈ ರುಚಿ ಮಾರುವವರ ಕಿವಿಗೆ ಬೀಳುತ್ತದೆ. ಅವರು ನೇರವಾದ ಕೊಂಬೆಯನ್ನು ಕಡಿಯುತ್ತಾರೆ, ಎಳೆ ಚಿಗುರನ್ನು ಚಿವುಟುತ್ತಾರೆ, ನಾರು ಬಿಗಿದು ಬಗ್ಗಿಸುತ್ತಾರೆ. ಬೆಲೆ ಏರುತ್ತದೆ, ಆ ಸೀಮೆಯ ಗಿಡಗಳೆಲ್ಲ ರೋಗಿಗಳಾಗುತ್ತವೆ. ಗೊಂಗ್ ಮುನ್ನೂರು ಕುಂಡಗಳನ್ನು ಕೊಂಡ. ಒಂದೂ ಸರಿಯಿರಲಿಲ್ಲ. ಮೂರು ದಿನ ಅತ್ತ. ಆಮೇಲೆ ಕುಂಡಗಳನ್ನು ಒಡೆದು, ಕಟ್ಟು ಬಿಚ್ಚಿ, ಎಲ್ಲವನ್ನೂ ನೆಲಕ್ಕೆ ನೆಟ್ಟ. ಐದು ವರ್ಷದೊಳಗೆ ಇವನ್ನು ಗುಣಪಡಿಸಿಯೇ ತೀರುತ್ತೇನೆ ಎಂದು ಪಣತೊಟ್ಟ.

ಪ್ರಾರ್ಥನೆಯನ್ನೂ ಈ ಗದ್ಯವನ್ನೂ ಅಕ್ಕಪಕ್ಕ ಇಟ್ಟು ಓದಬೇಕು ಎಂಬುದು ನನ್ನ ಮಾತು. ಗಿಡ ಮೇಲಿನಿಂದ ಇಳಿದು ಬಂದೇ ಇದೆ. ಬರದಿರುವುದು ಮಳೆಯಲ್ಲ, ಬಿಗಿದಿರುವುದು ನಾರು. ಹಾಗೆಯೇ ಏಳಕ್ಷರಗಳಲ್ಲಿ ಭಾರ ಬೀಳಬೇಕಾದದ್ದು ‘ಒಂದೇ’ ಎಂಬುದರ ಮೇಲೆ. ಅಚ್ಚೇ ಬೇಡ, ಅಳತೆಯೇ ಬೇಡ ಎಂದು ಅವನು ಹೇಳುತ್ತಿಲ್ಲ. ಒಂದೇ ಅಚ್ಚು ಎಂಬ ಹಟ ಬೇಡ ಎನ್ನುತ್ತಿದ್ದಾನೆ.

ಈ ವ್ಯತ್ಯಾಸದ ಬೆಲೆಯನ್ನು ಅವನ ದೇಶವೇ ಮುಂದಿನ ಶತಮಾನದಲ್ಲಿ ತೆತ್ತಿತು. ಆ ಹಳೆಯ ಪರೀಕ್ಷೆಯನ್ನು 1905ರಲ್ಲಿ ರದ್ದುಮಾಡಿದರು. 1957ರಲ್ಲಿ ಆಡಳಿತವನ್ನು ಟೀಕಿಸಿ ಮಾತನಾಡಿದರೆಂದು ಐದು ಲಕ್ಷಕ್ಕೂ ಹೆಚ್ಚು ಜನರಿಗೆ ಬಲಪಂಥೀಯರೆಂಬ ಹಣೆಪಟ್ಟಿ ಕಟ್ಟಿದರು; ಅವರಲ್ಲಿ ಓದಿದವರೇ ಹೆಚ್ಚು. ಮರುವರ್ಷವೇ ಮಾವೋ ತಮ್ಮ ಲೇಖನವೊಂದರಲ್ಲಿ ಗೊಂಗ್‌ನ ಈ ಪದ್ಯವನ್ನು ಪೂರ್ತಿಯಾಗಿ ಉದ್ಧರಿಸಿದರು. ಮೂಕ ಕುದುರೆಗಳಿಗಾಗಿ ಅತ್ತ ಪದ್ಯ ಅಷ್ಟೊಂದು ಬಾಯಿಗಳು ಮುಚ್ಚಿದ ವರ್ಷದಲ್ಲಿ ಅಚ್ಚಾಯಿತು ಎಂಬುದನ್ನು ನೆನೆದರೆ ಎದೆ ಭಾರವಾಗುತ್ತದೆ. 1966ರಲ್ಲಿ ಮಾವೋ ಆರಂಭಿಸಿದ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಕಾಲೇಜು ಪ್ರವೇಶ ಪರೀಕ್ಷೆ ನಿಂತೇಹೋಯಿತು. ಆಮೇಲೆ ಸೀಟು ಕೊಟ್ಟದ್ದು ಶಿಫಾರಸಿನ ಮೇಲೆ. ಅಂಕದ ಅಚ್ಚು ಹೋದ ಜಾಗದಲ್ಲಿ ಹುಟ್ಟಿನ ಅಚ್ಚು, ಯಾರ ಮಗ ಎಂಬ ಅಚ್ಚು ಬಂದು ಕುಳಿತಿತು. 1977ರಲ್ಲಿ ಪರೀಕ್ಷೆ ಮತ್ತೆ ಆರಂಭವಾದಾಗ ಆ ಚಳಿಗಾಲ ಸುಮಾರು 57 ಲಕ್ಷ ಜನ ಬರೆದರು, ಸುಮಾರು 2 ಲಕ್ಷ 70 ಸಾವಿರ ಮಂದಿಗೆ ಪ್ರವೇಶ ಸಿಕ್ಕಿತು. ಹೊಲದಿಂದ, ಕಾರ್ಖಾನೆಯಿಂದ, ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬಂದು ಬರೆದರು. ಆಗ ನಮ್ಮ ಲಾವ್‌ಶಿಗೆ 26 ವರ್ಷ. ಎಂಟು ವರ್ಷ ಹಳ್ಳಿಯಲ್ಲಿ ಭತ್ತ ನೆಟ್ಟ ಕೈಯಲ್ಲಿ ಪೆನ್ನು ಹಿಡಿದರೆ ಬೆರಳು ಮಡಚುತ್ತಲೇ ಇರಲಿಲ್ಲ ಎಂದು ಅವರು ಹೇಳಿದಾಗ, ನನ್ನ ಗೀಟುಗಳ ಮೇಲೆ ಅವರು ಹಾಕುತ್ತಿದ್ದ ಕೆಂಪು ಸುತ್ತಿಗೆ ಬೇರೆಯೇ ಅರ್ಥ ಬಂತು. ಅವರಿಗೆ ಚೌಕವೆಂದರೆ ಸೆರೆಯಲ್ಲ, ಮರಳಿ ಸಿಕ್ಕ ಹೊಲ.

ನಮ್ಮ ಅಪ್ಪನಿಗೂ ಹಾಗೆಯೇ ಇದ್ದಿರಬೇಕು. ಕೂಲಿಯವರ ಮಗ ಮೇಷ್ಟ್ರಾಗಲು ದುಂಡಕ್ಷರ ಬಿಟ್ಟರೆ ಅವರಿಗೆ ಬೇರೆ ಆಸ್ತಿ ಏನಿತ್ತು?

ಅದೇ ರೈಲು ಮಾರ್ಗದ ಹತ್ತಿರದಲ್ಲಿ ಜಿನ್‌ತಾನ್ ಎಂಬ ಊರಿದೆ. ಗಣಿತಜ್ಞ ಹ್ವಾ ಲ್ವೊಗಂಗ್ ಹುಟ್ಟಿದ್ದು ಅಲ್ಲಿ, 1910ರಲ್ಲಿ. ಹೈಸ್ಕೂಲಿನ ಮೊದಲ ಹಂತ ಮುಗಿಸಿ, ಮುಂದಿನ ಓದಿಗೆ ಹಣವಿಲ್ಲದೆ ಅಪ್ಪನ ಪುಟ್ಟ ಅಂಗಡಿಯಲ್ಲಿ ಕುಳಿತು ಗಣಿತ ಓದಿದ ಹುಡುಗ. ವಿಷಮಶೀತ ಜ್ವರದಿಂದ ಒಂದು ಕಾಲು ಊನವಾಯಿತು. ಐದನೆಯ ಘಾತದ ಸಮೀಕರಣವನ್ನು ಬಿಡಿಸಿದೆನೆಂದು ಒಬ್ಬರು ಬರೆದಿದ್ದ ಲೇಖನದ ತಪ್ಪನ್ನು ತೋರಿಸಿ ಅವನು ಬರೆದದ್ದು 1930ರಲ್ಲಿ ಒಂದು ವಿಜ್ಞಾನ ಪತ್ರಿಕೆಯಲ್ಲಿ ಬಂತು. ಚಿಂಗ್‌ಹ್ವಾ ವಿಶ್ವವಿದ್ಯಾಲಯದ ಗಣಿತ ವಿಭಾಗದ ಮುಖ್ಯಸ್ಥ ಶ್ಯೊಂಗ್ ಚಿಂಗ್‌ಲಾಯ್ ಅದನ್ನು ಓದಿ, ಈ ಲೇಖಕ ಯಾರೆಂದು ಹುಡುಕಿಸಿದರು. ಮರುವರ್ಷ ಅವನನ್ನು ಕರೆಸಿಕೊಂಡು ವಿಭಾಗದಲ್ಲೇ ಸಹಾಯಕನ ಕೆಲಸ ಕೊಟ್ಟರು. ಪದವಿಯಿಲ್ಲದ ಆ ಹುಡುಗ ಆಮೇಲೆ ಅಲ್ಲೇ ಪಾಠ ಮಾಡಿದ. 1936ರಲ್ಲಿ ಕೇಂಬ್ರಿಡ್ಜ್‌ಗೆ ಹೋದ, ಅದಕ್ಕೆ ಎರಡು ದಶಕ ಹಿಂದೆ ಮದ್ರಾಸ್ ಬಂದರಿನ ಗುಮಾಸ್ತ ರಾಮಾನುಜನ್ ಅಲ್ಲಿನ ಗಣಿತಜ್ಞ ಹಾರ್ಡಿಯವರ ಪತ್ರ ಹಿಡಿದು ಹೋಗಿದ್ದ ಅದೇ ಕೇಂಬ್ರಿಡ್ಜ್‌ಗೆ. 1938ರಲ್ಲಿ ಪ್ರಾಧ್ಯಾಪಕನಾದ. ಕುಂಡ ಒಡೆಯಲು ಆಕಾಶದ ಒಡೆಯ ಮೈಕೊಡವಿ ಏಳಬೇಕಾಗಿರಲಿಲ್ಲ. ಒಬ್ಬ ಮನುಷ್ಯ ಪತ್ರಿಕೆಯಿಂದ ತಲೆಯೆತ್ತಿ ‘ಇವನು ಯಾರು?’ ಎಂದು ಕೇಳಿದ್ದು ಸಾಕಾಯಿತು.

ನಾನು ಕೇಳಲಿಲ್ಲ. ಇಷ್ಟೆಲ್ಲ ಬರೆದದ್ದು ಇದನ್ನು ಹೇಳುವುದಕ್ಕೇ.

ಚೀನಾಕ್ಕೆ ಹೋಗುವ ಮೊದಲು ನಾನಿದ್ದದ್ದು ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಯಲ್ಲಿ, ಗುಣಮಟ್ಟ ವಿಭಾಗದಲ್ಲಿ. ಅಲ್ಲಿ ಒಬ್ಬರು ಟರ್ನರ್ ಇದ್ದರು. ಐಟಿಐ ಓದಿದವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಒಂದು ವಾರ ಮೂರನೆಯ ಸಾಲಿನ ಲೇತ್‌ನಿಂದ ಬರುವ ಜಾಬ್‌ಗಳಲ್ಲಿ ಒಳಸುತ್ತಿನ ಅಳತೆ ಒಂದು ಕೊನೆಗೂ ಇನ್ನೊಂದು ಕೊನೆಗೂ ತಾಳೆಯಾಗುತ್ತಿರಲಿಲ್ಲ. ನಾವು ಎಂಜಿನಿಯರ್‌ಗಳು ಟೂಲ್ ಬದಲಿಸಿದೆವು, ಪ್ರೋಗ್ರಾಂ ನೋಡಿದೆವು, ಕೂಲಂಟ್ ಬದಲಿಸಿದೆವು. ಅವರು ತಮ್ಮ ಪಾಳಿ ಮುಗಿಸಿ ಹೋಗುವಾಗ ಆ ಯಂತ್ರದ ಪಕ್ಕ ನಿಂತು, ಹೆಡ್‌ಸ್ಟಾಕ್ ಮೇಲೆ ಕೈಯಿಟ್ಟು, ‘ಮೇಡಂ, ಸ್ಪಿಂಡಲ್‌ನ ಮುಂದಿನ ಬೇರಿಂಗ್ ಹೋಗಿದೆ. ಸದ್ದು ಕೇಳಿ’ ಎಂದರು. ನನಗೆ ಯಾವ ಸದ್ದೂ ಬೇರೆಯಾಗಿ ಕೇಳಿಸಲಿಲ್ಲ. ನಾಲ್ಕು ದಿನಗಳ ನಂತರ ಬಿಚ್ಚಿ ನೋಡಿದರೆ ಬೇರಿಂಗ್ ಹೋಗಿತ್ತು. ಹೊಸ ಫಿಕ್ಸ್ಚರ್ ಬೇಕೆಂದರೆ ಅವರು ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೀಚಿ ತೋರಿಸುತ್ತಿದ್ದರು. ನಾವು ಅದನ್ನು ಕಂಪ್ಯೂಟರಿಗೆ ಏರಿಸಿ, ಕೆಳಗೆ ನಮ್ಮ ಸಹಿ ಹಾಕುತ್ತಿದ್ದೆವು.

ಮುಂದಿನ ವರ್ಷ ತಪಾಸಣೆಯ ಮೇಲ್ವಿಚಾರಕರ ಹುದ್ದೆ ಖಾಲಿಯಾಯಿತು. ಅರ್ಹತೆಯ ಪಟ್ಟಿ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂತು. ಡಿಪ್ಲೊಮಾ ಅಥವಾ ಬಿಇ. ಎಸ್ಸೆಸ್ಸೆಲ್ಸಿಯಿಂದ ಮೊದಲ್ಗೊಂಡು ಎಲ್ಲ ಹಂತದಲ್ಲೂ ಶೇಕಡಾ 60. ಯಾರೂ ನನಗೆ ಹೀಗೇ ಬರೆ ಎಂದು ಹೇಳಿರಲಿಲ್ಲ. ಎಲ್ಲ ಕಡೆಯೂ ಹೀಗೇ ಬರೆಯುತ್ತಾರೆ, ನಾನೂ ಬರೆದೆ. ನನಗೆ ಎಲ್ಲ ಹಂತದಲ್ಲೂ ಶೇಕಡಾ 60 ದಾಟಿತ್ತು. ದಾಟದವರು ಹೇಗಿರುತ್ತಾರೆಂದು ಯೋಚಿಸುವ ಅಗತ್ಯವೇ ಬಂದಿರಲಿಲ್ಲ. ಸೂಚನಾ ಫಲಕದಲ್ಲಿ ಅದನ್ನು ಹಚ್ಚಿದ ಸಂಜೆ ಅವರು ನನ್ನ ಮೇಜಿನ ಹತ್ತಿರ ಬಂದರು. ಕೈಯನ್ನು ಹತ್ತಿಯ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಾ, ‘ನಾನು ಅರ್ಜಿ ಹಾಕಬಹುದೇ, ಮೇಡಂ?’ ಎಂದು ಕೇಳಿದರು. ನಾನು ‘ನಿಯಮ ಹಾಗಿದೆಯಲ್ಲ’ ಎಂದೆ. ನಿಯಮ ಬರೆದದ್ದು ನಾನೇ ಎಂದು ಹೇಳಲಿಲ್ಲ. ಅವರು ತಲೆಯಾಡಿಸಿ ಹೋದರು. ಆಮೇಲೆ ಅವರು ಯಾವ ಯಂತ್ರದ ಸದ್ದಿನ ಬಗ್ಗೆಯೂ ನನ್ನ ಹತ್ತಿರ ಮಾತನಾಡಲಿಲ್ಲ.

ಝೆನ್‌ಜ್ಯಾಂಗ್‌ನ ಕಲ್ಲುಹಾಸಿನ ಮೇಲೆ ನಿಂತು ಮೂಕ ಕುದುರೆಗಳ ಸಾಲನ್ನು ಓದಿದಾಗ ನನಗೆ ಕಂಡದ್ದು ಆ ಬಟ್ಟೆ ಹಿಡಿದ ಕೈ. ಹಿಂದಿರುಗುವ ರೈಲು ದಾನ್‌ಯಾಂಗ್‌ನಲ್ಲಿ ನಿಂತಿತು. ಕನ್ನಡಕದ ವ್ಯಾಪಾರಕ್ಕೆ ಹೆಸರಾದ ಊರು. ಗೊಂಗ್ ತೀರಿಕೊಂಡದ್ದು ಅಲ್ಲಿಯೇ, 1841ರಲ್ಲಿ, ಗಿಡಗಳಿಗೆಂದು ತೊಟ್ಟ ಐದು ವರ್ಷದ ಪಣದಲ್ಲಿ ಎರಡೇ ವರ್ಷ ಮುಗಿದಿದ್ದಾಗ. ರೈಲು ಎರಡು ನಿಮಿಷ ನಿಂತು ಹೊರಟಿತು.

ಬೆಂಗಳೂರಿಗೆ ಮರಳಿದ ಮೇಲೆ ಆ ಶೇಕಡಾ 60ರ ಸಾಲನ್ನು ತೆಗೆಸಲು ನನಗೆ ಏಳು ತಿಂಗಳು ಬೇಕಾಯಿತು. ಪೂರ್ತಿ ಹೋಗಿಲ್ಲ, ತಪಾಸಣೆ ಮತ್ತು ಟೂಲ್ ರೂಮಿನ ಹುದ್ದೆಗಳಿಗೆ ಮಾತ್ರ, ಅಂಕದ ಬದಲು ಯಂತ್ರದ ಮುಂದೆ ಅರ್ಧ ದಿನದ ಪರೀಕ್ಷೆ ಕೊಟ್ಟು ತೋರಿಸಬಹುದು ಎಂದಾಯಿತು. ಹಳೆಯ ದಾರಿಯೂ ಇದೆ, ಪಕ್ಕದಲ್ಲಿ ಇನ್ನೊಂದು ದಾರಿ. ಅಷ್ಟರಲ್ಲಿ ಅವರು ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ಹಳಬರೊಬ್ಬರಿಂದ ಅವರ ನಂಬರ್ ಪಡೆದು ಫೋನ್ ಮಾಡಿದೆ. ನಿಯಮ ಬರೆದದ್ದು ನಾನೇ ಎಂದೂ ಅದು ತಪ್ಪಾಗಿತ್ತೆಂದೂ ಹೇಳಿದೆ. ಈಗ ಬರುತ್ತೀರಾ ಎಂದು ಕೇಳಿದೆ.

ಸ್ವಲ್ಪ ಹೊತ್ತು ಅವರು ಮಾತನಾಡಲಿಲ್ಲ. ಆಮೇಲೆ, ‘ಬೇಡ ಮೇಡಂ. ಊರಲ್ಲಿ ಒಂದು ಸಣ್ಣ ಶೆಡ್ ಹಾಕಿಕೊಂಡಿದ್ದೇನೆ, ಇನ್ನು ಆ ಬಸ್ಸು, ಪಾಳಿ ಎಲ್ಲ ಆಗುವುದಿಲ್ಲ’ ಎಂದರು. ಫೋನ್ ಇಡುವ ಮುಂಚೆ ಮಾತ್ರ ಕೇಳಿದರು, ‘ಆ ಮೂರನೆಯ ಸಾಲಿನ ಲೇತ್ ಇನ್ನೂ ಇದೆಯೇ? ಹಿಂದಿನ ಬೇರಿಂಗ್ ಕೂಡ ಆಗಲೇ ಸ್ವಲ್ಪ ಹೇಳುತ್ತಿತ್ತು.’

ಮರುದಿನ ಬೆಳಿಗ್ಗೆ ಮೊದಲ ಪಾಳಿ ಶುರುವಾಗುತ್ತಿದ್ದಂತೆ ಕೆಳಗಿಳಿದು ಹೋದೆ. ಯಂತ್ರ ಓಡುತ್ತಿತ್ತು. ಹೆಡ್‌ಸ್ಟಾಕ್ ಮೇಲೆ ಕೈಯಿಟ್ಟು ತುಂಬ ಹೊತ್ತು ನಿಂತೆ. ನನಗೆ ಎಲ್ಲ ಯಂತ್ರಗಳ ಸದ್ದೂ ಒಂದೇ ಆಗಿ ಕೇಳಿಸಿತು. ಜಾಬ್ ತೆಗೆದಿಡುತ್ತಿದ್ದ, ಕೆಲಸಕ್ಕೆ ಸೇರಿ ತಿಂಗಳೂ ಆಗಿರದ ಹುಡುಗ ನನ್ನನ್ನೇ ನೋಡುತ್ತಿದ್ದ. ಹತ್ತಿರ ಕರೆದು, ಅವನ ಕೈಯನ್ನು ನನ್ನ ಕೈಯಿದ್ದ ಜಾಗದಲ್ಲಿ ಇಡಿಸಿ ಕೇಳಿದೆ: ‘ನಿನಗೆ ಏನಾದರೂ ಕೇಳಿಸುತ್ತಿದೆಯೇ?’